ಸುಡದ ಕೈ

ನನ್ನ ವೈನಿಯ ಬಲಗೈಯ ಕಿರುಬೆರಳೂ ಅದರ ಪಕ್ಕದ ಬೆರಳೂ ಅಂಗೈ ಕಡೆಗೆ ಮಡಚಿಕೊಂಡು ಹಾಗೆಯೇ ನಿಂತುಬಿಟ್ಟಿದ್ದವು. ವೈನಿ ಎಂದರೆ ಅಣ್ಣನ ಹೆಂಡತಿ. ಬೆರಳು ಯಾಕೆ ಹೀಗಾದವು ಎಂದು ಯಾರಾದರೂ ಕೇಳಿದರೆ ಮನೆಯವರು ರೋಗದ ಹೆಸರು ಎತ್ತದೆ ‘ನರ ಎಳೆದವು’ ಎನ್ನುತ್ತಿದ್ದರು. ನಾನೂ ಹಾಗೆಯೇ ಹೇಳುತ್ತ ಬಂದೆ. ಆ ಬೆರಳುಗಳನ್ನು ಉಳಿಸಿಕೊಳ್ಳಬಹುದಾಗಿದ್ದ ಒಂದು ವರ್ಷವಿತ್ತು. ಆ ವರ್ಷ ಅವಳ ಕೈಯನ್ನು ನಾನೇ ಹಿಡಿದು ಪರೀಕ್ಷೆ ಮಾಡಿದ್ದೆ, ಮಾಡಿ ಅವಳನ್ನು ದಡ್ಡಿ ಎಂದಿದ್ದೆ. ಇದನ್ನು ಮಾತ್ರ ಇದುವರೆಗೆ ಯಾರಿಗೂ ಹೇಳಿಲ್ಲ. ಹೇಳಿದರೆ ಮನಸ್ಸು ಹಗುರಾದೀತೆಂಬ ಆಸೆಯೇನೂ ನನಗಿಲ್ಲ, ಹಗುರಾಗಲೂಬಾರದು.

ಐವತ್ತರ ದಶಕದ ಮಾತು. ನಮ್ಮ ಮನೆ ಬಾದಾಮಿಯಲ್ಲಿ, ಗುಡ್ಡದ ಬುಡದ ಓಣಿಯಲ್ಲಿತ್ತು. ಬೇಸಿಗೆಯಲ್ಲಿ ಕೆಂಪು ಕಲ್ಲು ಹಗಲಿಡೀ ಕಾದು, ಹೊತ್ತು ಮುಳುಗಿದ ಮೇಲೂ ಕಟ್ಟೆಯ ಮೇಲೆ ಕೂತವರ ತೊಡೆ ಸುಡುತ್ತಿತ್ತು. ಮನೆಯಲ್ಲಿ ನಾವು ನಾಲ್ವರು: ಅವ್ವ, ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅಣ್ಣ, ವೈನಿ ಮತ್ತು ನಾನು. ಅಪ್ಪ ತೀರಿಕೊಂಡ ಮೇಲೆ ಅವ್ವನ ಮಡಿ ಬಹಳ ಬಿಗಿಯಾಗಿತ್ತು. ಮಿಂದು, ಯಾರೂ ಮುಟ್ಟದಂತೆ ಒಣಗಿಸಿದ ಸೀರೆ ಉಟ್ಟು ಒಲೆಯ ಮುಂದೆ ಕೂತವಳನ್ನು ಊಟ ಮುಗಿಯುವ ತನಕ ಯಾರೂ ಮುಟ್ಟುವಂತಿರಲಿಲ್ಲ. ಅವಳೂ ಮೈಲಿಗೆಯದನ್ನು ಮುಟ್ಟುವಂತಿರಲಿಲ್ಲ. ಬಿಸಿ ಪಾತ್ರೆ ಹಿಡಿಯಲು ಅರಿವೆಯ ತುಂಡು ಬಳಸೋಣವೆಂದರೆ ಅದೂ ಮೈಲಿಗೆ. ಹಿತ್ತಾಳೆಯ ಇಕ್ಕಳವೊಂದೇ ಗತಿ, ಅದೂ ಎಂದಿನಿಂದಲೋ ಸಡಿಲಾಗಿ ಪಾತ್ರೆಯನ್ನು ಅರ್ಧ ದಾರಿಯಲ್ಲಿ ಬಿಟ್ಟುಬಿಡುತ್ತಿತ್ತು.

ವೈನಿ ಕಲಾದಗಿಯ ಕಡೆಯವಳು. ನನಗಿಂತ ಮೂರೇ ವರ್ಷ ದೊಡ್ಡವಳಾದ್ದರಿಂದ ಅವಳಿಗೆ ನಾನು ಬಹುವಚನ ಹಚ್ಚಲಿಲ್ಲ. ಅಡಿಗೆಯ ಮನೆ ಅವಳ ಪಾಲಿಗೆ ಬಂದ ಒಂದೆರಡು ವರ್ಷಗಳಲ್ಲಿ ಇಕ್ಕಳ ಮೂಲೆ ಸೇರಿತು. ಹಂಚಿನ ಮೇಲಿನ ಜೋಳದ ಭಕ್ಕರಿಯನ್ನು ಬರಿಗೈಯಲ್ಲಿ ತಿರುವುವುದು ನಮ್ಮ ಕಡೆ ದೊಡ್ಡ ಮಾತಲ್ಲ, ಎಲ್ಲರೂ ತಿರುವುತ್ತಾರೆ, ತಿರುವಿ ಕೈ ಝಾಡಿಸುತ್ತಾರೆ. ವೈನಿ ಝಾಡಿಸುತ್ತಿರಲಿಲ್ಲ. ಒಲೆಯಿಂದ ಕೆಂಡವೊಂದು ಹೊರಗೆ ಉರುಳಿದರೆ ಬಲಗೈಯ ಕಿರುಬೆರಳಿನ ಅಂಚಿನಿಂದ ಒಳಕ್ಕೆ ತಳ್ಳುತ್ತಿದ್ದಳು. ಅನ್ನದ ಪಾತ್ರೆಯ ಮುಚ್ಚಳವನ್ನು ಆ ಕೈಯಲ್ಲೇ ತೆಗೆದು, ಅವಸರವಿಲ್ಲದೆ ಪಕ್ಕಕ್ಕಿಡುತ್ತಿದ್ದಳು.

“ಮಡಿ ಶುದ್ಧ ಇದ್ದಾಕಿಗೆ ಅಗ್ನಿ ಸುಡೂದಿಲ್ಲ,” ಎಂದು ಅವ್ವ ಓಣಿಯ ಹೆಂಗಸರ ಮುಂದೆ ಹೇಳುತ್ತಿದ್ದಳು. “ನಮ್ಮ ಸೊಸಿ ಕೈ ನೋಡ್ರಿ. ನಾ ಇಷ್ಟ ವರ್ಷ ಮಡಿ ಮಾಡಿದೆ, ನನಗ ಈ ಪುಣ್ಯಾ ಬರ್ಲಿಲ್ಲ.”

ಅತ್ತೆಯ ಬಾಯಿಂದ ಸೊಸೆಗೆ ಇಂಥ ಮಾತು ಬೀಳುವುದು ನಮ್ಮ ಓಣಿಯಲ್ಲಿ ಅಪರೂಪ. ಮದುವೆಯಾಗಿ ಐದು ವರ್ಷವಾದರೂ ವೈನಿಗೆ ಮಕ್ಕಳಾಗಿರಲಿಲ್ಲ, ಆ ಕಾರಣಕ್ಕೆ ಕೇಳಬಾರದ್ದನ್ನೆಲ್ಲ ಕೇಳಿದ್ದಳು. ಆ ಮನೆಯಲ್ಲಿ ಅವಳಿಗೆ ಸಿಕ್ಕ ಮರ್ಯಾದೆ ಎಂದರೆ ಆ ಕೈಯೊಂದೇ. ಅದನ್ನು ಅವಳು ಯಾಕೆ ಕಳೆದುಕೊಳ್ಳುತ್ತಾಳೆ? ಕೈ ಸುಡುವುದಿಲ್ಲ ಎಂದರೆ ಏನೋ ಕೆಟ್ಟಿದೆ ಎಂದು ಯಾರಿಗೂ ಹೊಳೆಯಲಿಲ್ಲ. ನನಗಂತೂ ಮೊದಲೇ ಹೊಳೆಯಬೇಕಿತ್ತು, ಯಾಕೆಂದರೆ ಚರ್ಮಕ್ಕೆ ಬಿಸಿ ಹೇಗೆ ತಿಳಿಯುತ್ತದೆಂದು ನಾನು ಪುಸ್ತಕದಲ್ಲಿ ಓದಿ ಬಂದಿದ್ದೆ.

ಟ್ರೇನಿಂಗ್ ಕಾಲೇಜಿನಲ್ಲಿ ಎರಡು ವರ್ಷ ಕಳೆದು, ಬಾದಾಮಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ನೌಕರಿ ಹಿಡಿದು ಆಗಷ್ಟೇ ಬಂದಿದ್ದೆ. ಓಣಿಯಲ್ಲಿ ಎಲ್ಲರೂ ಅಕ್ಕೋರ ಎಂದು ಕರೆಯುತ್ತಿದ್ದರು. ಇಪ್ಪತ್ತರ ಹರೆಯದಲ್ಲಿ, ಅಜ್ಜಿಯ ವಯಸ್ಸಿನವರಿಂದ ಅಕ್ಕೋರ ಎನ್ನಿಸಿಕೊಂಡರೆ ನೆಲ ಕಾಣುವುದಿಲ್ಲ. ನನಗೂ ಕಾಣುತ್ತಿರಲಿಲ್ಲ. ಯಾರು ಏನೇ ಮಾತಾಡಲಿ, ನಡುವೆ ಬಾಯಿ ಹಾಕಿ ತಿದ್ದುತ್ತಿದ್ದೆ. ಹಲ್ಲುಪುಡಿಯಿಂದ ಹಿಡಿದು ಸೂರ್ಯಗ್ರಹಣದವರೆಗೆ ಮನೆಯವರಿಗೆ ನನ್ನಿಂದ ಪಾಠ ತಪ್ಪುತ್ತಿರಲಿಲ್ಲ. ಅಣ್ಣ ನಕ್ಕು ಕಚೇರಿಗೆ ಹೋಗಿಬಿಡುತ್ತಿದ್ದ, ಅವ್ವ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಕೈಗೆ ಸಿಗುತ್ತಿದ್ದವಳು ವೈನಿ.

ಒಂದು ಚಳಿಗಾಲ ದಿಪೋಟಿ ಸಾಹೇಬರು ಶಾಲೆಯ ತಪಾಸಣೆಗೆ ಬರುವುದಿತ್ತು. ಅವರ ಮುಂದೆ ನಾನು ಚರ್ಮದ ಪಾಠ ಮಾಡಬೇಕೆಂದು ನಿಶ್ಚಯವಾಯಿತು. ಪಾಠ ನನಗೆ ಬಾಯಿಪಾಠವಾಗಿತ್ತು. ಚರ್ಮಕ್ಕೆ ಬಿಸಿ ತಿಳಿಯುವ ಜಾಗ ಬೇರೆ, ತಂಪು ತಿಳಿಯುವ ಜಾಗ ಬೇರೆ. ಮುಟ್ಟಿದ್ದು ತಿಳಿಯುವುದು ಒಂದು, ನೋವು ತಿಳಿಯುವುದು ಇನ್ನೊಂದು. ಮುಂಗೈಯ ಮೇಲೆ ಮಸಿಯಿಂದ ಚೌಕ ಬರೆದು ತಣ್ಣನೆಯ ಮೊಳೆಯ ತುದಿಯಿಂದ ಮುಟ್ಟುತ್ತ ಹೋದರೆ, ಕೆಲವು ಕಡೆ ಚಳ್ಳೆಂದು ತಂಪಾಗುತ್ತದೆ, ಕೂದಲೆಳೆ ಆಚೆ ಸರಿದರೆ ಬರೀ ಮುಟ್ಟಿದ್ದಷ್ಟೇ ಗೊತ್ತಾಗುತ್ತದೆ. ಬೆರಳ ತುದಿಯೂ ತುಟಿಯೂ ಚುರುಕು, ಬೆನ್ನು ಮಂದ. ಇನ್ನು ಮೂರು ಬೋಗುಣಿಯ ಪ್ರಯೋಗ: ಒಂದರಲ್ಲಿ ಬಿಸಿ ನೀರು, ಒಂದರಲ್ಲಿ ತಣ್ಣೀರು, ನಡುವೆ ಉಗುರು ಬೆಚ್ಚಗಿನದು. ಒಂದು ಕೈ ಬಿಸಿಯಲ್ಲಿ, ಇನ್ನೊಂದು ತಣ್ಣೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಆಮೇಲೆ ಎರಡನ್ನೂ ನಡುವಿನ ಬೋಗುಣಿಯಲ್ಲಿ ಅದ್ದಬೇಕು. ಅದೇ ನೀರು ಒಂದು ಕೈಗೆ ತಣ್ಣಗೆ, ಇನ್ನೊಂದಕ್ಕೆ ಬೆಚ್ಚಗೆ ಅನಿಸುತ್ತದೆ.

ತಪಾಸಣೆಯ ಹಿಂದಿನ ರವಿವಾರ ಮಧ್ಯಾಹ್ನ, ಅವ್ವ ಮಲಗಿದ್ದಾಗ, ಹಿತ್ತಲಿನ ಕಟ್ಟೆಯ ಮೇಲೆ ಮೂರು ಬೋಗುಣಿ ಇಟ್ಟು ವೈನಿಯನ್ನು ಕರೆದೆ. ಅವಳು ಮಡಿ ಬಿಟ್ಟು ಮನೆಯ ಸೀರೆ ಉಟ್ಟಿದ್ದಳು, ಹಳೆಯ ಇಳಕಲ್ ಸೀರೆ, ಸೆರಗು ಬಣ್ಣಗೆಟ್ಟಿತ್ತು. “ನಾ ಯಾವ ಇಯತ್ತೆ ಹುಡುಗಿರೀ ಅಕ್ಕೋರ?” ಎಂದು ನಗುತ್ತ ಕೂತಳು.

“ಕಣ್ಣ ಮುಚ್ಚು. ಕೈ ಅದ್ದು. ಯಾವುದು ಬಿಸಿ, ಯಾವುದು ತಣ್ಣಗ, ಹೇಳು.”

ಎಡಗೈ ಸರಿಯಾಗಿ ಹೇಳಿತು. ಬಲಗೈಯನ್ನು ಬಿಸಿ ನೀರಿನಲ್ಲಿ ಅದ್ದಿಸಿದೆ.

“ಹೇಳು.”

“ತಣ್ಣಗ ಅದ.”

“ಸರಿಯಾಗಿ ನೋಡು.”

“ಹಂಗಾರ ಬಿಸಿ.”

ಕೈ ತೆಗೆಸಿ ತಣ್ಣೀರಿಗೆ ಹಾಕಿಸಿದೆ. ಅವಳು ಮತ್ತೆ “ಬಿಸಿ” ಎಂದಳು. ಹೇಳುವ ಮೊದಲು ಮುಚ್ಚಿದ ಕಣ್ಣಿನ ಸಂದಿಯಿಂದ ನನ್ನ ಮುಖ ನೋಡಲು ಯತ್ನಿಸಿದ್ದನ್ನು ನಾನು ಕಂಡೆ. ಮಸಿಯ ಚೌಕ ಬರೆದು ಮೊಳೆ ಮುಟ್ಟಿಸಿದೆ. ಕಿರುಬೆರಳಿನ ಕಡೆ ನಾನು ಮುಟ್ಟಿದಾಗ ಮುಟ್ಟಿಲ್ಲವೆಂದಳು, ಮುಟ್ಟದಾಗ ಮುಟ್ಟಿದೆ ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ನಾಳೆ ದಿಪೋಟಿಯವರ ಮುಂದೆ ಯಾವಳಾದರೂ ಹುಡುಗಿ ಹೀಗೆ ಮಾಡಿದರೆ ನನ್ನ ಗತಿ ಏನು ಎಂಬುದೊಂದೇ ನನ್ನ ಚಿಂತೆ.

“ವೈನಿ, ಮೂರ ವರ್ಷದ ಕೂಸಿಗೂ ಬಿಸಿ-ತಣ್ಣಗ ತಿಳೀತದ. ನೀ ಎಂಥಾ ದಡ್ಡಿ ಇದ್ದೀ! ಲಕ್ಷ ಎಲ್ಲೆ ಅದ ನಿನ್ನ?”

ಅವಳು ಕಣ್ಣು ತೆರೆದಳು. ಕೈಯನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತ, ತಮಾಷೆಯ ದನಿಯಲ್ಲಿಯೇ ಕೇಳಿದಳು: “ಹಂಗ ತಿಳೀಲಿಲ್ಲ ಅಂದ್ರ ಏನಂತ ಬರದದ ನಿನ್ನ ಪುಸ್ತಕದಾಗ?”

ಇದನ್ನು ಕೇಳಲೆಂದೇ ಅವಳು ಆ ಮಧ್ಯಾಹ್ನ ನಿದ್ದೆ ಬಿಟ್ಟು ಬಂದು ಕೂತಿದ್ದಳು ಎಂಬುದು ಈಗ ನನಗೆ ಸ್ಪಷ್ಟವಾಗಿದೆ. ಮೊಣಕೈಯ ಕೆಳಗೆ ಒಂದು ಮಾಸಲು ಕಲೆ ಮೂಡಿತ್ತಂತೆ. ಅದನ್ನು ಅವಳು ಸೆರಗಿನಿಂದ ಮುಚ್ಚಿಕೊಳ್ಳುತ್ತಿದ್ದಳು. ಮನೆಯಲ್ಲಿ ಓದಿದವಳೊಬ್ಬಳಿದ್ದಳಲ್ಲ, ಅವಳನ್ನು ಕೇಳಿ ನೋಡೋಣ ಎಂದುಕೊಂಡಿದ್ದಾಳೆ. ನಾನು ಏನು ಹೇಳಿದೆ?

“ತಿಳೀಲಾರದ್ದು ಅಂತ ಇರೂದಿಲ್ಲ. ಲಕ್ಷ ಇಲ್ಲದವರಿಗೆ ಏನೂ ತಿಳಿಯೂದಿಲ್ಲ ಅಷ್ಟ,” ಎಂದೆ. ಅವಳ ಕೈಯನ್ನು ಆಚೆ ತಳ್ಳಿ ನೀರು ಚೆಲ್ಲಿದೆ.

ದಿಪೋಟಿ ಸಾಹೇಬರು ಬಂದರು. ನನ್ನ ಪಾಠ ನೋಡಿ ಶಾಲೆಯ ಪುಸ್ತಕದಲ್ಲಿ ಷರಾ ಬರೆದರು. ‘ಪ್ರಯೋಗದಿಂದ ಕಲಿಸುವ ರೀತಿ ಮೆಚ್ಚುವಂಥದು’ ಎಂದಿತ್ತು. ಅದನ್ನು ನಾನು ಮನೆಯಲ್ಲಿ ಎರಡು ಸಲ ಓದಿ ಹೇಳಿದೆ. ವೈನಿಗೂ ಹೇಳಿದೆ. ಅವಳು ಸಿಹಿಗೆಂದು ಸಜ್ಜಕ ಮಾಡಿ ಬಡಿಸಿದಳು.

ಮುಂದಿನ ತಿಂಗಳುಗಳಲ್ಲಿ ಅವಳ ಕೈಯಿಂದ ಸೂಜಿ ಜಾರತೊಡಗಿತು. ಚಹಾದ ಕಪ್ಪು-ಬಸಿ ಒಡೆದವು. ಅವ್ವ “ಕೈ ಸಡ್ಲಾಗ್ಯಾವ, ಲಕ್ಷ ಇಲ್ಲ” ಎಂದಳು. ಲಕ್ಷ ಇಲ್ಲ ಎಂಬ ಮಾತು ಅವ್ವನಿಗೆ ಕಲಿಸಿಕೊಟ್ಟವಳು ನಾನೇ.

ಶ್ರಾವಣದ ಒಂದು ಶುಕ್ರವಾರ ಅರಿಷಿಣ-ಕುಂಕುಮಕ್ಕೆ ಓಣಿಯ ಹೆಂಗಸರು ಸೇರಿದ್ದರು. ನನ್ನ ಶಾಲೆಯ ಇಬ್ಬರು ಅಕ್ಕೋರನ್ನೂ ಕರೆದಿದ್ದೆ. ಲಕ್ಷ್ಮಿಯ ಮುಂದೆ ಧೂಪ ಹಾಕಲು ಒಲೆಯಿಂದ ಕೆಂಡ ತರಬೇಕಿತ್ತು. ಅವ್ವ ಇಕ್ಕಳ ಹುಡುಕುತ್ತಿದ್ದಳು. ಬಂದವರ ಮುಂದೆ ನಮ್ಮ ಮನೆಯ ಹೆಚ್ಚಳ ತೋರಿಸುವ ಹುಕಿ ನನಗೆ.

“ಇಕ್ಕಳ ಯಾಕಬೇಕವ್ವ? ನಮ್ಮ ವೈನಿ ಕೈಲೇ ತರ್ತಾಳ. ನೋಡ್ರಿ ಬೇಕಾದ್ರ,” ಎಂದೆ.

ಎಲ್ಲರೂ ಅಡಿಗೆಯ ಮನೆಯ ಬಾಗಿಲ ಕಡೆ ತಿರುಗಿದರು. ವೈನಿ ಒಂದು ಕ್ಷಣ ನನ್ನನ್ನು ನೋಡಿದಳು. ಬೇಡ ಎನ್ನುವ ನೋಟವೇ ಅದು. ಆಗಲೂ ನನಗೆ ತಿಳಿಯಿತು, ತಿಳಿಯದವಳಂತೆ ನಕ್ಕೆ. ಅವಳು ಬಗ್ಗಿ ಕೆಂಡವೊಂದನ್ನು ಎತ್ತಿ ಬಲ ಅಂಗೈಯ ಅಂಚಿನಲ್ಲಿಟ್ಟುಕೊಂಡು ದೇವರ ಮುಂದಿನ ಧೂಪದ ಬಟ್ಟಲಿಗೆ ನಡೆದಳು. ಏಳೆಂಟು ಹೆಜ್ಜೆ. ಅವಳ ಮುಖ ಕಿವುಚಲಿಲ್ಲ, ನಡೆ ಬಿರುಸಾಗಲಿಲ್ಲ. ಹೆಂಗಸರು ಬಾಯಿಯ ಮೇಲೆ ಬೆರಳಿಟ್ಟುಕೊಂಡರು. ಅವ್ವನ ಮುಖ ಅರಳಿತು. ಧೂಪ ಹಾಕುವ ಮೊದಲೇ ವಾಸನೆ ಬಂತು, ಕೂದಲು ಸುಟ್ಟಂಥ ವಾಸನೆ.

ಬಂದವರಲ್ಲಿ ಹುನಗುಂದದ ಕಡೆ ಬಹಳ ವರ್ಷ ನರ್ಸ್ ಕೆಲಸ ಮಾಡಿ ಬಿಟ್ಟುಬಂದ ಮುದುಕಿಯೊಬ್ಬಳಿದ್ದಳು. ಅವಳು ಮಡಿ-ಗಿಡಿ ನೋಡದೆ ಎದ್ದು ಹೋಗಿ ವೈನಿಯ ಕೈ ಹಿಡಿದು ಬೆಳಕಿಗೆ ತಿರುವಿದಳು. ಅಂಗೈಯ ಅಂಚು ಬೆಂದು ಬೆಳ್ಳಗಾಗಿತ್ತು. ಅದರ ಪಕ್ಕ ಹಳೆಯ ಸುಟ್ಟ ಗಾಯಗಳು, ಒಂದರ ಮೇಲೊಂದು. ಮುದುಕಿ ತನ್ನ ಸೀರೆಯ ಪಿನ್ನು ತೆಗೆದು ಅವಳ ಕಿರುಬೆರಳಿಗೆ ಚುಚ್ಚಿದಳು. ವೈನಿ ದೇವರ ಕಡೆ ನೋಡುತ್ತ ನಿಂತಿದ್ದಳು. ರಕ್ತದ ಹನಿ ಬಂದದ್ದೂ ಅವಳಿಗೆ ಗೊತ್ತಾಗಲಿಲ್ಲ.

“ನಾಳೀಗೇ ಬಾಗಲಕೋಟಿಗೆ ಕರಕೊಂಡ ಹೋಗ್ರಿ,” ಎಂದು ಮುದುಕಿ ಅವ್ವನ ಕಿವಿಯಲ್ಲಿ ಹೇಳಿದಳು. ಮೆಲ್ಲಗೆ ಹೇಳಿದ್ದು, ಎಲ್ಲರಿಗೂ ಕೇಳಿಸಿತು. ಹೆಂಗಸರು ಉಡಿ ತುಂಬಿಸಿಕೊಳ್ಳದೆ ಒಬ್ಬೊಬ್ಬರಾಗಿ ಎದ್ದು ಹೋದರು.

ಮರುದಿನ ಬೆಳಗಿನ ರೈಲಿಗೆ ಅಣ್ಣ, ವೈನಿ, ನಾನು ಬಾಗಲಕೋಟೆಗೆ ಹೋದೆವು. ದವಾಖಾನೆಯ ಡಾಕ್ಟರು ವಯಸ್ಸಾದವರು. ವೈನಿಗೆ ಕಣ್ಣು ಮುಚ್ಚಲು ಹೇಳಿ, ಮೇಜಿನ ಮೇಲಿನಿಂದ ಎರಡು ಗಾಜಿನ ನಳಿಗೆ ತೆಗೆದುಕೊಂಡರು. ಒಂದರಲ್ಲಿ ಬಿಸಿ ನೀರು, ಒಂದರಲ್ಲಿ ತಣ್ಣೀರು.

“ಯಾವುದು ಬಿಸಿ ತಾಯಿ? ಯಾವುದು ತಣ್ಣಗ?”

ನನ್ನ ಪಾಠವೇ. ಅದೇ ಪ್ರಶ್ನೆ, ಅದೇ ಕೈ, ಅದೇ ತಪ್ಪು ಉತ್ತರಗಳು. ಒಂದೇ ವ್ಯತ್ಯಾಸ: ಅವಳು ತಪ್ಪಿದಾಗೊಮ್ಮೆ ಡಾಕ್ಟರು ಸಿಟ್ಟಾಗದೆ, ಅವಳ ತೋಳಿನ ಮೇಲೆ ಪೆನ್ಸಿಲಿನಿಂದ ಒಂದು ಗುರುತು ಹಾಕುತ್ತಿದ್ದರು. ಆಮೇಲೆ ಹತ್ತಿಯ ಎಳೆಯಿಂದ ಮುಟ್ಟಿ ನೋಡಿದರು. ಮೊಣಕೈಯ ಹಿಂದಿನ ನರವನ್ನು ಒತ್ತಿ ನೋಡಿದರು. ಅದು ಹಗ್ಗದಂತೆ ದಪ್ಪಗಾಗಿತ್ತು. ಕಿರುಬೆರಳೂ ಅದರ ಪಕ್ಕದ್ದೂ ಆಗಲೇ ಒಳಕ್ಕೆ ಬಾಗತೊಡಗಿದ್ದವು, ನೆಟ್ಟಗಾಗುತ್ತಿರಲಿಲ್ಲ.

“ಎಷ್ಟ ದಿವಸಾತು ಹಿಂಗಾಗಿ?”

“ವರ್ಷದ ಮ್ಯಾಲಾತ್ರಿ.”

“ಮತ್ತ ಮನ್ಯಾಗ ಯಾರಿಗೂ ಹೇಳ್ಲಿಲ್ಲೇನು? ಆವಾಗ ಬಂದಿದ್ರ ಈ ಬೆರಳ ಉಳಿಸಬಹುದಿತ್ತು.”

ನಾನು ನೆಲ ನೋಡುತ್ತ ನಿಂತಿದ್ದೆ. ಈಗ ಹೇಳುತ್ತಾಳೆ ಎಂದುಕೊಂಡೆ. ಹೇಳಿದರೆ ಅಣ್ಣ ನನ್ನ ಮುಖ ನೋಡುತ್ತಾನೆ, ಡಾಕ್ಟರು ನೋಡುತ್ತಾರೆ.

“ನನಗ ತಿಳೀಲಿಲ್ರಿ,” ಎಂದಳು ವೈನಿ. “ನಾ ಸಾಲಿ ಕಲ್ತಾಕಿ ಅಲ್ರಿ.”

ಅಣ್ಣ ಹೆಬ್ಬೆರಳಿನಿಂದ ಕಣ್ಣು ಒರೆಸಿಕೊಂಡ. ಅವಳು ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ನಾನೇ ಬಾಯಿ ಬಿಟ್ಟು ಹೇಳಬಹುದಿತ್ತು. ಹೇಳಲಿಲ್ಲ. ಉಳಿದುಕೊಂಡೆನಲ್ಲ ಎಂದು ಉಸಿರು ಬಿಟ್ಟೆ. ಆ ಉಸಿರನ್ನು ನೆನೆದರೆ ಇವತ್ತಿಗೂ ನನ್ನ ಮುಖ ನನಗೇ ಹೇಸಿಗೆಯಾಗುತ್ತದೆ.

ಡಾಕ್ಟರು ಗುಳಿಗೆ ಕೊಟ್ಟರು. ನಾನು ಅಕ್ಕೋರೆಂದು ತಿಳಿದ ಮೇಲೆ ನನ್ನನ್ನು ಬೇರೆ ಕರೆದು ಹೇಳಿದರು: “ಇದು ಕುಷ್ಠ, ಮಹಾರೋಗ ಖರೆ, ಆದ್ರ ಗುಳಿಗಿ ತಪ್ಪದೆ ತಗೊಂಡ್ರ ಅಂಜೂ ಕಾರಣ ಇಲ್ಲ. ಮುಟ್ಟಿದ್ರ ಹಾರಿ ಬರೂ ಬ್ಯಾನಿ ಅಲ್ಲ ಇದು. ಎಲ್ಲಾರ ಜೋಡಿ ಇರ್ಲಿ, ಉಣ್ಲಿ. ಬೆಂಕಿ ಹತ್ರ ಮಾತ್ರ ಕೈ ಸಂಬಾಳಿಸಬೇಕು. ನೀವು ಕಲ್ತಾವ್ರು, ಮನ್ಯಾಗ ನೀವ ತಿಳಿಸಿ ಹೇಳ್ರಿ.”

ಮನೆಗೆ ಬಂದು ನಾನು ಅವ್ವನಿಗೆ ತಿಳಿಸಿ ಹೇಳಿದೆ. “ವೈನಿ ಒಲಿ ಹತ್ರ ಹೋಗಬಾರದಂತ,” ಎಂದೆ. ಅಷ್ಟೇ ಹೇಳಿದೆ. ಅಂಜುವ ಕಾರಣವಿಲ್ಲ ಎಂಬುದು, ಎಲ್ಲರ ಜೊತೆ ಇರಲಿ ಎಂಬುದು ನನ್ನಲ್ಲಿಯೇ ಉಳಿಯಿತು. ಯಾಕೆಂದರೆ ನನಗೇ ಅಂಜಿಕೆಯಾಗಿತ್ತು. ಶಾಲೆಗೆ ಸುದ್ದಿ ಹೋದರೆ ನನ್ನ ವರ್ಗದ ಹುಡುಗಿಯರನ್ನು ಬಿಡಿಸಿಕೊಂಡು ಹೋಗುತ್ತಾರೆಂಬ ಅಂಜಿಕೆ ಒಂದು. ಅವಳು ಬಡಿಸಿದ ಭಕ್ಕರಿಯನ್ನು ಇಷ್ಟು ದಿನ ಉಂಡೆನಲ್ಲ ಎಂಬ ಅಂಜಿಕೆ ಇನ್ನೊಂದು. ಚರ್ಮದ ಪಾಠಕ್ಕೆ ಮೆಚ್ಚುಗೆಯ ಷರಾ ಗಳಿಸಿದ ಅಕ್ಕೋರ ನಾನು, ಕದ ಹಾಕಿಕೊಂಡು ಕೈಕಾಲಿನಲ್ಲಿ ಕಲೆ ಹುಡುಕುತ್ತಿದ್ದೆ, ಪಿನ್ನು ಚುಚ್ಚಿಕೊಂಡು ನೋಡುತ್ತಿದ್ದೆ. ಚುರುಕ್ಕೆಂದರೆ ಸಂತೋಷವಾಗುತ್ತಿತ್ತು.

ಉಳಿದದ್ದನ್ನು ಅವ್ವ ನೋಡಿಕೊಂಡಳು. ಒಬ್ಬರನ್ನು ಮುಟ್ಟದೆ ಇರಲು ಬೇಕಾದ ಮಾತು, ಜಾಗ, ಪಾತ್ರೆ ಎಲ್ಲ ನಮ್ಮ ಮನೆಯಲ್ಲಿ ಮೊದಲೇ ಸಿದ್ಧವಿದ್ದವು. ತಿಂಗಳಿಗೆ ಮೂರು ದಿನ ಹೆಂಗಸರು ದೂರ ಕೂಡುತ್ತಿದ್ದ ಹಿತ್ತಲಿನ ಕೋಣೆಯಲ್ಲಿ ವೈನಿ ಮೂವತ್ತೂ ದಿನ ಕೂತಳು. ಅಣ್ಣ ಅವಳನ್ನು ಬಿಡಲಿಲ್ಲ, ಬೇರೆ ಮದುವೆಯ ಮಾತೆತ್ತಿದವರಿಗೆ ಬಾಯಿಗೆ ಬಂದಂತೆ ಬೈದ, ಗುಳಿಗೆ ತಪ್ಪಿಸಲಿಲ್ಲ. ಆದರೆ ಅವ್ವನ ಮುಂದೆ ನಿಂತು ಕೋಣೆಯ ಬಾಗಿಲು ತೆಗೆಸುವ ಧೈರ್ಯ ಅವನಿಗಿರಲಿಲ್ಲ. ಡಾಕ್ಟರು ಹೇಳಿದ್ದನ್ನು ನಾನು ಹೇಳಿದ್ದರೆ ಆ ಧೈರ್ಯ ಬರುತ್ತಿತ್ತೋ ಏನೋ. ಅಗ್ನಿ ಸುಡದ ಪುಣ್ಯದ ಮಾತನ್ನು ಅವ್ವ ಮತ್ತೆ ಎತ್ತಲಿಲ್ಲ.

ಮರುವರ್ಷದ ಮಾಘದಲ್ಲಿ ನನಗೆ ಜ್ವರ ಬಂತು. ಅವ್ವ ಓಣಿಯ ಹೆಂಗಸರ ಜೊತೆ ಮಹಾಕೂಟಕ್ಕೆ ಹೋಗಿದ್ದಳು, ಅಣ್ಣ ಕಚೇರಿಯಲ್ಲಿದ್ದ. ಪಡಸಾಲೆಯಲ್ಲಿ ಹಾಸಿಗೆಯ ಮೇಲೆ ನರಳುತ್ತ ಬಿದ್ದಿದ್ದೆ. ಮಧ್ಯಾಹ್ನ. ನನ್ನ ನರಳಾಟ ಕೇಳಿ ವೈನಿ ಹಿತ್ತಲಿನಿಂದ ಬಂದಳು. ಎಷ್ಟೋ ತಿಂಗಳ ಮೇಲೆ ಆ ಹೊಸ್ತಿಲು ದಾಟಿದ್ದಳು. ನನ್ನ ಪಕ್ಕ ಕೂತು, ರೂಢಿಯ ಬಲದಿಂದ ಬಲಗೈಯನ್ನು ನನ್ನ ಹಣೆಯ ಮೇಲಿಟ್ಟಳು. ಬಾಗಿದ ಬೆರಳುಗಳ ಗೆಣ್ಣು ನನ್ನ ಹುಬ್ಬಿಗೆ ತಾಗಿದವು. ಒಂದು ಗಳಿಗೆ ಬಿಟ್ಟು ಅವಳೇ ನಕ್ಕಳು.

“ಈ ಕೈ ಏನ್ ಹೇಳೀತು, ದಡ್ಡ ಕೈ,” ಎಂದಳು.

ನನ್ನ ಮಾತನ್ನು ಅವಳು ಮರೆತಿರಲಿಲ್ಲ. ಆದರೆ ಸಿಟ್ಟಿನಿಂದ ಅಂದದ್ದಲ್ಲ, ತನ್ನ ಕೈಯನ್ನೇ ಚೇಷ್ಟೆ ಮಾಡಿದ ದನಿ ಅದು. ಎಡಗೈಗೂ ಆಗ ರೋಗ ಸ್ವಲ್ಪ ಹಬ್ಬಿತ್ತು, ಅದನ್ನೂ ಅವಳು ನಂಬುತ್ತಿರಲಿಲ್ಲ. ಬಗ್ಗಿದಳು. ಕೂಸಿಗೆ ತಾಯಿ ಮಾಡುವ ಹಾಗೆ ತನ್ನ ಕೆನ್ನೆಯನ್ನು ನನ್ನ ಹಣೆಗೆ ಹಚ್ಚಿದಳು. ಅವಳ ಕೆನ್ನೆ ತಂಪಾಗಿತ್ತು, ಹಿತವಾಗಿತ್ತು. ಆ ಹಿತ ಮೊದಲು ತಿಳಿಯಿತು, ಅದಾದ ಮೇಲೆ ಅದು ಯಾರ ಕೆನ್ನೆ ಎಂಬುದು ನೆನಪಾಯಿತು. ನನ್ನ ತಲೆ ತಾನಾಗಿಯೇ ಗೋಡೆಯ ಕಡೆ ಸರಿಯಿತು. ಒಂದು ಬೆರಳಿನಷ್ಟು ಸರಿದಿರಬೇಕು, ಹೆಚ್ಚಲ್ಲ.

ಅಷ್ಟು ಸಾಕಾಯಿತು. ಕೈಗೆ ಕೆಂಡವೂ ತಿಳಿಯದಿದ್ದವಳ ಕೆನ್ನೆಗೆ ಎಲ್ಲ ತಿಳಿಯುತ್ತಿತ್ತು. ಅವಳು ಮೆಲ್ಲಗೆ ಎದ್ದು ಕೂತಳು.

“ಜ್ವರಾ ಅದ. ಭಾಳ ಇಲ್ಲ,” ಎಂದಳು.

ಒಳಗೆ ಹೋಗಿ ಬೋಗುಣಿಯಲ್ಲಿ ತಣ್ಣೀರು ತಂದಳು, ಒಗೆದ ಪಂಜೆಯ ತುಂಡು ತಂದಳು. ಎರಡನ್ನೂ ನನ್ನ ಕೈಗೆ ಎಟುಕುವಷ್ಟು ಹತ್ತಿರ ಇಟ್ಟು ತಾನು ಹೊಸ್ತಿಲ ಆಚೆ ಹೋಗಿ ನಿಂತಳು.

“ಹಣಿ ಒರಸ್ಕೋ,” ಎಂದಳು. “ನಾ ಈಗ ಮುಟ್ಟಿದ್ನಲ್ಲ.”

ನಾನು ಬೇಡ ಎನ್ನಬೇಕಿತ್ತು. ಬಾ, ಇಲ್ಲೇ ಕೂಡು ಎನ್ನಬೇಕಿತ್ತು. ಬಟ್ಟೆ ಅದ್ದಿ ಹಿಂಡಿಕೊಂಡೆ. ಅವಳು ನೋಡುತ್ತ ನಿಂತಿದ್ದಂತೆಯೇ, ಅವಳ ಕೆನ್ನೆ ತಾಗಿದ್ದ ಜಾಗವನ್ನು ಎರಡೆರಡು ಸಲ ಒರೆಸಿಕೊಂಡೆ.